ಬೀಸುಕಲ್ಲಿನ ಮುಂದೆ ಎರಡು ಟ್ರಾನ್ಸಿಸ್ಟರು

ಹೋದ ವಾರ ಜೇವರ್ಗಿ ಬಸ್ ನಿಲ್ದಾಣದ ಎದುರಿನ ಮೊಬೈಲ್ ಅಂಗಡಿಗೆ ಹೋಗಿದ್ದೆ. ಕಾರಣ ಹೇಳಿದರೆ ನಗುತ್ತೀರಿ. ನನ್ನ ಫೋನು ಯಾರೊಂದಿಗೂ ಮಾತಾಡದೆ ಜೇಬಿನಲ್ಲಿ ಸುಮ್ಮನೆ ಬಿದ್ದಿದ್ದಾಗಲೂ ಬೆಚ್ಚಗಾಗುತ್ತಿತ್ತು. ಅಂಗಿಯ ಎಡಜೇಬು. ಅದರ ಹಿಂದೆ ಏನಿದೆ ಎಂದು ನಿಮಗೂ ಗೊತ್ತು. ಫೋನು ಸಿಡಿದರೆ ಮೊದಲು ಹೋಗುವುದು ಅದೇ ಎಂದು ರಾತ್ರಿಯೆಲ್ಲ ಹೊರಳಾಡಿ, ಕೊನೆಗೆ ಪ್ಯಾಂಟಿನ ಜೇಬಿಗೆ ವರ್ಗಾಯಿಸಿದೆ. ಅಲ್ಲಿಟ್ಟ ಮೇಲೆ ಚಿಂತೆ ಕಡಿಮೆಯಾಗಲಿಲ್ಲ, ಜಾಗ ಬದಲಾಯಿಸಿತು ಅಷ್ಟೆ.

ಅಂಗಡಿಯವನು ಫೋನನ್ನು ಕೆನ್ನೆಗೆ ಒತ್ತಿ ನೋಡಿ, "ಏನೂ ಆಗಿಲ್ರಿ ಸರ್. ನೀವು ಮಾತಾಡದಿದ್ರೂ ಒಳಗ ಏನರೇ ನಡದೇ ಇರ್ತದ. ಪೂರಾ ಥಣ್ಣಗಾತಂದ್ರ ಆವಾಗ ಚಿಂತಿ ಮಾಡ್ರಿ" ಎಂದು ಹೇಳಿ ಪಕ್ಕದ ಇನ್ಯಾರದೋ ಫೋನಿನ ಹೊಟ್ಟೆಗೆ ಕಾದ ಕಡ್ಡಿ ಇಟ್ಟ. ಬೆಸುಗೆಯ ತಂತಿ ಕರಗಿತು. ಎಳೆಯಾಗಿ ಬಿಳಿ ಹೊಗೆ ಎದ್ದು ನನ್ನ ಮೂಗಿಗೆ ಬಂತು. ರಾಳದ ವಾಸನೆ.

ಆ ವಾಸನೆಯನ್ನು ಹೇಗೆ ವಿವರಿಸಲಿ? ಕರ್ಪೂರದ ದೂರದ ನೆಂಟ, ಗುಡಿಗೆ ಹೋಗದೆ ವರ್ಕ್‌ಶಾಪಿಗೆ ಸೇರಿದವ ಎಂದುಕೊಳ್ಳಿ. ನನಗಂತೂ ಆ ವಾಸನೆಯ ಬೆನ್ನಿಗೇ ಹಸಿ ಅರಿಶಿನದ ವಾಸನೆ ಬರುತ್ತದೆ. ಬೇರೆಯವರಿಗೆ ಬರಲಿಕ್ಕಿಲ್ಲ. ಬೆಸುಗೆಯನ್ನೂ ಅರಿಶಿನವನ್ನೂ ಒಂದೇ ಅಂಗಳದಲ್ಲಿ ಕಲಸಿದ ಮನೆ ನಮ್ಮದೊಂದೇ ಇರಬೇಕು.

ಎಂಬತ್ತರ ದಶಕದ ನಡುವಿನ ಮಾತು. ನಮ್ಮ ಮನೆ ಆಳಂದದಲ್ಲಿತ್ತು. ಅಂಗಳ ಒಂದು, ಅಡುಗೆಮನೆ ಎರಡು. ಅಪ್ಪ ಮತ್ತು ಕಾಕಾ ಬೇರೆಯಾದಾಗ ಪಾತ್ರೆ, ಹೊಲ, ಎಮ್ಮೆ ಎಲ್ಲವನ್ನೂ ಎರಡು ಮಾಡಿಕೊಂಡಿದ್ದರು. ಬೀಸುಕಲ್ಲನ್ನು ಮಾತ್ರ ಪಾಲು ಮಾಡಲು ಬರಲಿಲ್ಲ. ಮೇಲಿನ ಕಲ್ಲು ಒಬ್ಬರಿಗೆ, ಕೆಳಗಿನದು ಒಬ್ಬರಿಗೆ ಎಂದರೆ ಇಬ್ಬರ ಮನೆಯಲ್ಲೂ ರೊಟ್ಟಿ ಇಲ್ಲ. ಹೀಗಾಗಿ ಅದು ಅಂಗಳದ ಮೂಲೆಯಲ್ಲಿ ಇದ್ದಲ್ಲೇ ಉಳಿಯಿತು. ಅದರ ಮುಂದೆ ದಿನಾ ನಸುಕಿನಲ್ಲಿ ಅವ್ವ ಮತ್ತು ಕಾಕಾನ ಹೆಂಡತಿ ನೀಲಾ ಚಿಗವ್ವ, ನೆಗೆಣ್ಣಿಯರಿಬ್ಬರೂ, ಎದುರುಬದುರು ಕೂಡುತ್ತಿದ್ದರು.

ನೀವು ಇಬ್ಬರು ಹೆಂಗಸರು ಒಂದು ಬೀಸುಕಲ್ಲು ತಿರುವುವುದನ್ನು ನೋಡಿದ್ದೀರೋ ಇಲ್ಲವೋ. ಗೂಟ ಒಂದೇ, ಅದರ ಮೇಲೆ ಕೈ ಎರಡು. ಅರ್ಧ ಸುತ್ತು ಅವ್ವ ಎಳೆಯುತ್ತಾಳೆ, ಗೂಟ ಆಚೆ ಬದಿಗೆ ಹೋದಾಗ ಉಳಿದ ಅರ್ಧ ಚಿಗವ್ವ ಎಳೆಯುತ್ತಾಳೆ. ಹಾಡೂ ಹಾಗೆಯೇ. ಒಬ್ಬಳು ಎತ್ತಿದ ಸಾಲನ್ನು ಇನ್ನೊಬ್ಬಳು ಹಿಡಿಯುತ್ತಾಳೆ. ಹಾಸಿಗೆಯಲ್ಲಿ ಅರ್ಧ ನಿದ್ದೆಯಲ್ಲಿ ಕೇಳುತ್ತಿದ್ದ ನನಗೆ ಅದು ಎರಡು ದನಿ ಎಂದು ಎಷ್ಟೋ ವರ್ಷ ಗೊತ್ತೇ ಇರಲಿಲ್ಲ. ಅವ್ವನದು ಎತ್ತರದ ದನಿ, ಚಿಗವ್ವನದು ತಗ್ಗು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಎಂದು ಹುಡುಕಿದರೂ ಸಿಗುತ್ತಿರಲಿಲ್ಲ. ಆ ಹಾಡುಗಳಲ್ಲಿ ಒಂದು ಸಾಲನ್ನಾದರೂ ಇಲ್ಲಿ ಬರೆಯಬೇಕೆಂದು ಕುಳಿತೆ. ಒಂದೂ ನೆನಪಿಲ್ಲ. ಕಲ್ಲಿನ ಗರಗರ ಮಾತ್ರ ಚೆನ್ನಾಗಿ ನೆನಪಿದೆ.

ಆಮೇಲೆ ನಮ್ಮ ಓಣಿಗೆ ಕರೆಂಟಿನ ಗಿರಣಿ ಬಂತು. ಒಂದು ದಿನ ನಸುಕಿನಲ್ಲಿ ಅವ್ವ ಜೋಳ ಹಸನು ಮಾಡಿಟ್ಟುಕೊಂಡು ಕಲ್ಲಿನ ಮುಂದೆ ಕುಳಿತಿದ್ದಾಳೆ, ಚಿಗವ್ವ ಬರಲಿಲ್ಲ. ಹೊತ್ತು ಏರಿತು. ಚಿಗವ್ವ ಬಂದಳು, ಆದರೆ ಬೀದಿಯ ಕಡೆಯಿಂದ. ತಲೆಯ ಮೇಲೆ ಹಿಟ್ಟಿನ ಡಬ್ಬಿ. ಹಿಟ್ಟಿನಿಂದ ಇನ್ನೂ ಬಿಸಿ ಆವಿ ಏಳುತ್ತಿತ್ತು. ಅವ್ವ ತನ್ನ ಜೋಳವನ್ನು ಒಬ್ಬಳೇ ಬೀಸಿದಳು. ಒಬ್ಬಳೇ ಪೂರ್ತಿ ಸುತ್ತು ಎಳೆದರೆ ಗೂಟ ಆಚೆ ಬದಿಯಲ್ಲಿ ಒಂದು ಚಣ ಸೋಲುತ್ತದೆ, ಹಿಟ್ಟು ತರಿತರಿಯಾಗುತ್ತದೆ. ಅವತ್ತಿನ ರೊಟ್ಟಿ ಹಲ್ಲಿಗೆ ಸಿಕ್ಕಿತು. ಅವತ್ತಿನಿಂದ ಇಬ್ಬರ ನಡುವೆ ಮಾತು ನಿಂತಿತು.

ಮಾತು ನಿಂತಿತು ಎಂದರೆ ಸದ್ದು ನಿಂತಿತು ಎಂದಲ್ಲ. ನಮ್ಮ ಕಡೆ ಮಾತು ಬಿಟ್ಟ ಹೆಂಗಸರು ಮೂರನೆಯವರಿಗೆ ಹೇಳಿದಂತೆ ಮಾಡಿ ಎದುರಿನವರಿಗೆ ಹೇಳುತ್ತಾರೆ. ಅವ್ವ ಎಮ್ಮೆಯ ಮೈ ತಿಕ್ಕುತ್ತ, "ಬಿಸಿ ಹಿಟ್ಟಿನ ರೊಟ್ಟಿ ತಿಂದವರಿಗಿ ನಮ್ಮ ನೆನಪು ಎಲ್ಲಿಂದ ಇರ್ತದ ಬೇ?" ಎಂದು ಎಮ್ಮೆಯನ್ನು ಕೇಳುವಳು. ಚಿಗವ್ವ ಆಚೆ ಬಾಗಿಲಲ್ಲಿ ಕಸಬರಿಗೆ ಜಾಡಿಸುತ್ತ, "ಕೆಲವರಿಗಿ ಕೇಳೂದು ಗೊತ್ತದ, ತಿಳಕೊಳ್ಳೂದು ಗೊತ್ತಿಲ್ಲ" ಎಂದು ಕಸಬರಿಗೆಗೆ ಹೇಳುವಳು. ಎಮ್ಮೆ ಇಲ್ಲದ ಹೊತ್ತಿನಲ್ಲಿ ಆ ಕೆಲಸಕ್ಕೆ ನಾನಿದ್ದೆ.

ಆಗ ನಾನು ಗುಲಬರ್ಗಾದ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದೆ. ಆಂಪ್ಲಿಫಾಯರು ಎಂದರೆ ಒಂದೇ ಟ್ರಾನ್ಸಿಸ್ಟರಲ್ಲ, ಹಂತಹಂತವಾಗಿ ಹಲವು ಇರುತ್ತವೆ ಎಂದು ಕಲಿಸುತ್ತಿದ್ದರು. ಮೈಕಿನಿಂದ ಬಂದ ಇರುವೆಯಷ್ಟು ಸದ್ದನ್ನು ಮೊದಲ ಹಂತ ಬೆಕ್ಕಿನಷ್ಟು ಮಾಡುತ್ತದೆ, ಎರಡನೆಯದು ಎಮ್ಮೆಯಷ್ಟು. ಆದರೆ ಮೊದಲ ಹಂತದಲ್ಲಿ ಸಣ್ಣದೊಂದು ಗೊರಗೊರ ಸೇರಿದರೆ ಮುಂದಿನ ಹಂತಗಳೆಲ್ಲ ಅದನ್ನೂ ನಿಷ್ಠೆಯಿಂದ ದೊಡ್ಡದು ಮಾಡುತ್ತವೆ. ಇದು ನನಗೆ ಪುಸ್ತಕ ನೋಡದೆಯೇ ತಿಳಿದಿತ್ತು. ಅವ್ವ, "ಗಿರಣಿ ಹಿಟ್ಟು ಬಿಸಿ ಇರ್ತದ" ಎಂದಷ್ಟೇ ಅಂದದ್ದು ಪಕ್ಕದ ಮನೆಗೆ ಹೋಗಿ, ಬಾವಿಕಟ್ಟೆಗೆ ಹೋಗಿ, ಚಿಗವ್ವನ ಕಿವಿ ಮುಟ್ಟುವಷ್ಟರಲ್ಲಿ "ನೀಲಾನ ಕೈ ರೊಟ್ಟಿ ನಾಯಿ ಮುಟ್ಟಂಗಿಲ್ಲ" ಎಂದಾಗಿತ್ತು.

ಅಷ್ಟರಲ್ಲಿ ನಮ್ಮ ಶಾಂತಕ್ಕನ ಮದುವೆ ನಿಶ್ಚಯವಾಯಿತು. ಗೊಬ್ಬೂರಿನ ವರ. ಮದುವೆಗೆ ಮುಂಚೆ ಮನೆಯ ಬೀಸುಕಲ್ಲಿಗೆ ಪೂಜೆ ಮಾಡಿ, ಅದರಲ್ಲೇ ಅರಿಶಿನ ಬೀಸಿ, ಆ ಅರಿಶಿನವನ್ನೇ ಮದುಮಗಳಿಗೆ ಹಚ್ಚಬೇಕು. ಬೀಸುವವರು ಹಾಡಬೇಕು. ಶಾಂತಕ್ಕ ಹೆಸರಿಗೆ ಮಾತ್ರ ಶಾಂತ. ಎಲ್ಲರ ಮುಂದೆ ಹೇಳಿಬಿಟ್ಟಳು: "ಅವ್ವ, ಚಿಗವ್ವ ಕೂಡಿ ಬೀಸಿದ್ದು ಬೇಕು ನನಗ. ಇಲ್ಲಂದ್ರ ಅರಿಶಿಣ ಇಲ್ದ ಬರೇ ಮೈಲೆ ಮದಿವಿ ಆಗ್ತೀನಿ. ಗೊಬ್ಬೂರವರು ಏನರೇ ಅನ್ಲಿ."

"ಅಂದ್ರ ಅನ್ಲಿ, ನಾ ಒಬ್ಬಾಕಿನೇ ಬೀಸ್ತೀನಿ" ಎಂದಳು ಅವ್ವ, ಎಮ್ಮೆಯ ಕಡೆ ನೋಡುತ್ತ.

"ನನಗೇನು ಯಾರೂ ಕರದಿಲ್ಲ" ಎಂದಳು ಚಿಗವ್ವ, ಗೋಡೆಗೆ.

ಶಾಂತಕ್ಕ ಹೇಳಿದ ಮಾತು ಹಿಂದೆ ತೆಗೆದುಕೊಳ್ಳುವವಳಲ್ಲ. ಅರಿಶಿನವಿಲ್ಲದೆ ಹಸೆಗೆ ಕೂಡುವ ಮದುಮಗಳನ್ನು ನೆನೆದು ನನಗೆ ಊಟ ಸೇರದಾಯಿತು. ಚಿಂತೆ ಮಾಡುವುದರಲ್ಲಿ ಆಗಲೂ ನನ್ನದು ಮೊದಲ ದರ್ಜೆ. ಉಳಿದ ವಿಷಯಗಳಲ್ಲಿ ಬಿಡಿ.

ಆ ಚಿಂತೆಯ ಮೇಲೆ ಕಾಕಾ ಇನ್ನೊಂದು ಹೇರಿದ. "ಏನಲೇ ಇಂಜಿನೇರ, ಇಷ್ಟು ದಿನ ತಂತಿ ಸುಟ್ಟಿ. ಮನಿ ಮದಿವಿಗಿ ಒಂದು ಮೈಕ್ ಮಾಡಾಕ ಬರಂಗಿಲ್ಲೇನು? ಹೆಣ್ಮಕ್ಕಳು ಒಳಗ ಹಾಡ್ತಾರ, ಹಂದರದಾಗ ಕುಂತ ನಮಗ ಕಲ್ಲಿನ ಸಪ್ಪಳ ಬಿಟ್ರ ಏನೂ ಕೇಳಂಗಿಲ್ಲ." ನಾನು ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಹೆದರಿದೆ. ನನ್ನ ಜೀವನದ ಕ್ರಮ ಅದೇ.

ಆಂಪ್ಲಿಫಾಯರಿನ ಕೊನೆಯ ಹಂತದಲ್ಲಿ, ಅಂದರೆ ಸ್ಪೀಕರನ್ನು ನೂಕುವ ಜಾಗದಲ್ಲಿ, ಎರಡು ಟ್ರಾನ್ಸಿಸ್ಟರು ಜೋಡಿಯಾಗಿ ಇರುತ್ತವೆ. ಜೋಡಿ ಎಂದ ಕೂಡಲೇ ನನಗೆ ಹೊಳೆದದ್ದು ಎತ್ತು. ನಮ್ಮಪ್ಪ ಎತ್ತಿನ ಜೋಡಿ ಕಟ್ಟುವಾಗ ಎತ್ತರ, ಬಣ್ಣ, ಕೊಂಬಿನ ವಾಲು ಎಲ್ಲ ಒಂದೇ ಇರುವಂತೆ ಹುಡುಕುತ್ತಿದ್ದ. ನಾನೂ ಆಳಂದದ ರೇಡಿಯೊ ಅಂಗಡಿಯಲ್ಲಿ ಕೆದಕಿ ಕೆದಕಿ ಎರಡು ಎಸ್‌ಎಲ್ ನೂರು ಟ್ರಾನ್ಸಿಸ್ಟರು ತಂದೆ. ಪುಟ್ಟ ತಗಡಿನ ಟೋಪಿ, ಮೂರು ಕಾಲು, ಅವಳಿಜವಳಿ. ಬೆಸೆದು ಸ್ವಿಚ್ ಹಾಕಿದರೆ ಸ್ಪೀಕರು ಒಮ್ಮೆ ಗೊರ್ ಎಂದು ಕೆಮ್ಮಿ ಮೌನವಾಯಿತು. ಒಂದು ಟೋಪಿ ಬೆರಳು ಸುಡುವಷ್ಟು ಕಾಯ್ದಿತ್ತು.

ಅಲ್ಲಿ ಬೇಕಾದದ್ದು ಒಂದೇ ಥರದವಲ್ಲ, ಒಂದಕ್ಕೊಂದು ಉಲ್ಟಾ ಇರುವಂಥವು. ಎಸ್‌ಎಲ್ ನೂರಕ್ಕೆ ಜೋಡಿ ಎಸ್‌ಕೆ ನೂರು. ನೋಡಲು ಅದೇ ಟೋಪಿ, ಅದೇ ಕಾಲು, ಸ್ವಭಾವ ಮಾತ್ರ ತದ್ವಿರುದ್ಧ. ದನಿ ತಂತಿಯಲ್ಲಿ ಅಲೆಯಾಗಿ ಬರುತ್ತದಲ್ಲ, ಒಮ್ಮೆ ಮೇಲಕ್ಕೆ ಒಮ್ಮೆ ಕೆಳಕ್ಕೆ. ಮೇಲಿನ ಅರ್ಧವನ್ನು ಒಂದು ನೂಕುತ್ತದೆ, ಕೆಳಗಿನ ಅರ್ಧವನ್ನು ಇನ್ನೊಂದು ಎಳೆಯುತ್ತದೆ. ಒಂದು ದುಡಿಯುವಾಗ ಇನ್ನೊಂದಕ್ಕೆ ವಿಶ್ರಾಂತಿ. ಅಂಗಳದ ಮೂಲೆಯಲ್ಲಿ ಹುಟ್ಟಿದಾಗಿನಿಂದ ನೋಡಿದ್ದನ್ನು ಬಿಟ್ಟು ಎತ್ತಿನ ಹಿಂದೆ ಹೋಗಿದ್ದೆ.

ಸರಿಯಾದ ಜೋಡಿ ಹಾಕಿದೆ. ದನಿ ಬಂತು. ಜೋರಾಗಿ ಕೂಗಿದರೆ ಗಂಟೆಯಂತೆ ಕೇಳುತ್ತಿತ್ತು. ಮೆಲ್ಲಗೆ ಮಾತಾಡಿದರೆ ಮಾತ್ರ ಬಾಯಲ್ಲಿ ಉಸುಕು ತುಂಬಿಕೊಂಡು ಮಾತಾಡಿದ ಹಾಗೆ ಕರಕರ. ಗುಲಬರ್ಗಾಕ್ಕೆ ಒಯ್ದು ನಮ್ಮ ಮೇಷ್ಟರಿಗೆ ತೋರಿಸಿದೆ. ಅವರು ಮೈಸೂರು ಕಡೆಯವರು, ನಮ್ಮ ಬಿಸಿಲಿಗೂ ನಮ್ಮ ಮಾತಿಗೂ ಇನ್ನೂ ಒಗ್ಗದವರು. ಒಂದು ಸಲ ನೋಡಿ, "ನಡುವೆ ಎರಡು ಡಯೋಡು ಇರಬೇಕಿತ್ತಲ್ಲಯ್ಯ, ಎಲ್ಲಿ?" ಎಂದರು.

"ಅವು ದನಿ ದೊಡ್ಡದು ಮಾಡಂಗಿಲ್ಲಲ್ರಿ ಸರ್. ಸುಮ್ನ ಇರ್ತಾವ ಅಂತ ಬಿಟ್ಟೆ."

"ಸುಮ್ನೆ ಇರೋದೇ ಅವುಗಳ ಕೆಲಸ ಕಣಯ್ಯಾ. ಅವಿಲ್ದಿದ್ರೆ ಈ ಟ್ರಾನ್ಸಿಸ್ಟರು ಜೋಡೀಲಿ ಇವ್ನು ಬಿಟ್ಟ ಅಂತ ಅವ್ನು ಎಚ್ಚರ ಆಗೋಷ್ಟರಲ್ಲಿ ನಡುವೆ ದನಿ ಬಿದ್ದು ಹೋಗುತ್ತೆ. ಕೂಗಿದ್ರೆ ಗೊತ್ತಾಗಲ್ಲ, ಪಿಸುಮಾತಲ್ಲಿ ಗೊತ್ತಾಗುತ್ತೆ. ಕೆಲಸ ಇಲ್ದಾಗ್ಲೂ ಇಬ್ಬರಲ್ಲೂ ಒಂಚೂರು ಕರೆಂಟು ಹರೀತಿರ್ಬೇಕು. ಇಬ್ರೂ ಒಂಚೂರು ಬೆಚ್ಚಗಿರ್ಬೇಕು."

ಡಯೋಡು ಹಾಕಿದೆ. ಆದರೆ ಬೆಚ್ಚಗಿರಬೇಕು ಎಂದರೆ ಎಷ್ಟು ಬೆಚ್ಚಗೆ? ಕಾವು ಹೆಚ್ಚಾದರೆ ಕರೆಂಟು ಹೆಚ್ಚಾಗುತ್ತದೆ, ಕರೆಂಟು ಹೆಚ್ಚಾದರೆ ಕಾವು ಇನ್ನೂ ಹೆಚ್ಚಾಗುತ್ತದೆ, ಹೀಗೇ ಏರುತ್ತ ಟ್ರಾನ್ಸಿಸ್ಟರು ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ ಎಂದು ಪುಸ್ತಕದಲ್ಲಿತ್ತು. ಓದಿದಾಗ ಯಾರೋ ನನ್ನ ಜಾತಕ ಬರೆದಂತಿತ್ತು. ಹೀಗಾಗಿ ಆ ದಿನಗಳಲ್ಲಿ ನಾನು ಆ ಎರಡು ತಗಡಿನ ಟೋಪಿಗಳ ಮೇಲೆ ಬೆರಳಿಟ್ಟುಕೊಂಡೇ ಕೂಡುತ್ತಿದ್ದೆ, ಜ್ವರದ ಮಕ್ಕಳ ಹಣೆ ಮುಟ್ಟಿದ ಹಾಗೆ.

ಹಾಗೆ ಕುಳಿತಿದ್ದಾಗ ಅವ್ವ ರೊಟ್ಟಿ ಬಡಿಯುತ್ತ ಕೇಳಿದಳು. "ಏನ್ ಮಾಡಾಕತ್ತೀದಿ ತಮ್ಮಾ, ಅದಕ್ಕೇನು ಹಂಗ ಮುಟಗೋಂತ ಕುಂತಿ?" ನಾನು ಹುಮ್ಮಸ್ಸಿನಲ್ಲಿ ವಿವರಿಸಿದೆ. ಇವರಿಬ್ಬರು, ಒಬ್ಬರದು ಉಲ್ಟಾ ಇನ್ನೊಬ್ಬರು. ಅರ್ಧ ಇವರು, ಅರ್ಧ ಅವರು. ಕೆಲಸ ಇಲ್ಲ ಅಂತ ಪೂರ್ತಿ ತಣ್ಣಗಾಗಿಬಿಟ್ಟರೆ ನಡುವೆ ದನಿ ಬಿದ್ದು ಹೋಗುತ್ತದೆ.

ರೊಟ್ಟಿ ಬಡಿಯುವ ಸದ್ದು ನಿಂತಿತು.

"ಆಕಿ ಕಳಸ್ಯಾಳೇನು ನಿನಗ?"

"ಯಾಕಿ?"

"ಯಾಕಿ ಅಂತ ನನಗ ಕೇಳ್ತಿ. ಇಷ್ಟು ತಿರುವಿ ಮುರುವಿ ಹೇಳು ಅಂತ ಆಕಿನೇ ಕಲಿಸ್ಯಾಳ."

"ಇಲ್ಲವ್ವಾ, ಇದು ಎಲೆಕ್ಟ್ರಾನಿಕ್ಸ್."

"ಎಲೆಕ್ಟ್ರಾನಿಕ್ಸ್‌ದಾಗ ನೆಗೆಣ್ಣಿ ಇರ್ತಾರೇನು?"

ಅವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು. ಸದ್ದು ಮಾತ್ರ ಮೊದಲಿಗಿಂತ ಮೆತ್ತಗಿತ್ತು.

ಕರೆಂಟಿನ ಪ್ಲಗ್ಗು ಚೆನ್ನಾಗಿದ್ದದ್ದು ಚಿಗವ್ವನ ಪಡಸಾಲೆಯಲ್ಲಿ. ಮರುದಿನ ಆಂಪ್ಲಿಫಾಯರಿನ ಪೆಟ್ಟಿಗೆ ಹೊತ್ತುಕೊಂಡು ಅಲ್ಲಿಗೆ ಹೋದೆ. ಅವಳೂ ಕೇಳಿದಳು, ನಾನು ಬುದ್ಧಿ ಬಾರದೆ ಅದನ್ನೇ ಹೇಳಿದೆ. ಚಿಗವ್ವ ಬಹಳ ಹೊತ್ತು ಆ ಎರಡು ಟೋಪಿಗಳನ್ನು ನೋಡಿದಳು.

"ನಿಮ್ಮವ್ವಗ ಇಷ್ಟು ಮಾತು ಯಾವಾಗಿಂದ ಬಂದಾವ?"

"ಅವ್ವ ಏನೂ ಹೇಳಿಲ್ಲ ಚಿಗವ್ವ..."

"ಹೇಳಿಲ್ಲ ಅನ್ನು ಅಂತನೂ ಹೇಳ್ಯಾಳ. ಗೊತ್ತದ ಬಿಡು. ಕರದಾಳಲ್ಲ, ಸಾಕು."

ವರ್ಷಗಟ್ಟಲೆ ಎಮ್ಮೆಯ ಮೂಲಕ ಮಾತಾಡಿದವರಿಗೆ ಟ್ರಾನ್ಸಿಸ್ಟರಿನ ಮೂಲಕ ಸಂದೇಶ ಬಂದದ್ದು ವಿಚಿತ್ರವೆನ್ನಿಸಲಿಲ್ಲ. ಅವಳು ಸೋತು ಹೇಳಿ ಕಳಿಸಿದ್ದಾಳೆ ಎಂದು ಇವಳು, ಇವಳು ಸೋತಳು ಎಂದು ಅವಳು. ಇಬ್ಬರೂ ಗೆದ್ದವರ ದೊಡ್ಡತನದಲ್ಲಿ ಅರಿಶಿನದ ದಿನ ಹೊಸ ಸೀರೆ ಉಟ್ಟು ಕಲ್ಲಿನ ಮುಂದೆ ಬಂದು ಕುಳಿತರು. ನಿಜ ಬಾಯಿಬಿಟ್ಟರೆ ಇಬ್ಬರೂ ಎದ್ದು ಹೋಗುತ್ತಾರೆ ಎಂದು ನಾನು ಇಬ್ಬರ ಕಡೆಗೂ ನೋಡದೆ ತಂತಿ ಎಳೆಯುತ್ತಿದ್ದೆ.

ಹಳೆಯ ಟೇಪ್ ರೆಕಾರ್ಡರಿನ ಮೈಕನ್ನು ಕಲ್ಲಿನ ಮೇಲಿನ ಗೂಡಿನಿಂದ ಇಳಿಬಿಟ್ಟೆ. ಸ್ಪೀಕರನ್ನು ಹೊರಗೆ, ಬೀದಿಬಾಗಿಲ ಮುಂದಿನ ಹಂದರದಲ್ಲಿ ಒಂದು ಗಡಿಗೆಯ ಬಾಯಿಗೆ ಕೂಡಿಸಿದೆ. ಗಡಿಗೆಗೆ ಇಟ್ಟರೆ ದನಿ ತುಂಬಿಕೊಳ್ಳುತ್ತದೆ. ಹಂದರದಲ್ಲಿ ಅಪ್ಪ, ಕಾಕಾ, ಗೊಬ್ಬೂರಿನಿಂದ ಬಂದ ಬೀಗರು ಎಲೆಅಡಿಕೆ ಹಾಕಿಕೊಂಡು ಕುಳಿತಿದ್ದರು. ನಾನು ಹೊಸ್ತಿಲಲ್ಲಿ, ಬೆರಳು ಟೋಪಿಗಳ ಮೇಲೆ.

ಕಲ್ಲಿಗೆ ಕುಂಕುಮ ಹಚ್ಚಿ, ಎಲೆ ಕಟ್ಟಿ, ಒಂದು ಹಿಡಿ ಅರಿಶಿನದ ಚೂರು ಸುರಿದರು. ಅವ್ವ ಎಳೆದಳು. ಚಿಗವ್ವ ಎಳೆದಳು. ಅವ್ವ ಸಾಲು ಎತ್ತಿದಳು, ಚಿಗವ್ವ ಹಿಡಿದಳು. ಗಡಿಗೆಯಿಂದ ದನಿ ಬಂತು. ಅವ್ವನದು ಎತ್ತರ, ಚಿಗವ್ವನದು ತಗ್ಗು. ಆದರೆ ಎರಡರ ನಡುವೆ ಹೊಲಿಗೆ ಬಿಟ್ಟಂತೆ ಒಂದು ಸಂದು ಕೇಳುತ್ತಿತ್ತು. ಯಂತ್ರದ್ದೇ ತಪ್ಪಿರಬೇಕೆಂದು ಬೆರಳು ಒತ್ತಿದೆ. ಟೋಪಿಗಳು ಬೆಚ್ಚಗೇ ಇದ್ದವು.

ಹಾಡು ನಡುವೆ ನಿಂತಿತು. ಕಲ್ಲೂ ನಿಂತಿತು. ಆಮೇಲೆ ಅವ್ವನ ದನಿ, ಪಿಸುದನಿ, ಹಂದರದ ಗಡಿಗೆಯಿಂದ ನೀರಿನಷ್ಟು ತಿಳಿಯಾಗಿ:

"ಎಡಗೈಲೆ ಯಾಕ ಎಳಿಯಾಕತ್ತೀದಿ?"

"ಸುಮ್ನ."

"ಸುಮ್ನ ಯಾರು ಎಡಗೈಲೆ ಬೀಸ್ತಾರ ಬೇ?"

"ಬಲಗೈ ಮ್ಯಾಲ ಏಳವಲ್ದು ಯಕ್ಕಾ. ರಟ್ಟಿ ಹಿಡದದ."

"ಯಾವಾಗಿಂದ?"

"ಗಿರಣಿಗಿ ಹೋದ್ನೆಲ್ಲ, ಅವತ್ತಿಂದ. ಅದಕ್ಕೇ ಹೋಗಿದ್ದೆ."

ಹಂದರದಲ್ಲಿ ಎಲೆ ಅಗಿಯುವ ಸದ್ದು ನಿಂತಿತು. ಕಾಕಾ ತನ್ನ ಬಾಯಿಯನ್ನು ಅರ್ಧ ತೆರೆದುಕೊಂಡು ಗಡಿಗೆಯನ್ನೇ ನೋಡುತ್ತಿದ್ದ. ಹೆಂಡತಿಯ ಕೈ ಮೇಲೆ ಏಳುವುದಿಲ್ಲ ಎಂದು ಅವನಿಗೂ ಆ ಗಡಿಗೆಯೇ ಹೇಳಬೇಕಾಯಿತು.

"ನನಗ ಹೇಳಾಕ ಏನಾಗಿತ್ತು?"

"ಹೇಳಿದ್ರ ನನ್ನ ಪಾಲಿಂದೂ ನೀನೇ ಬೀಸ್ತಿದ್ದಿ. ನಿನ್ನ ಸ್ವಭಾವ ನನಗ ಗೊತ್ತಿಲ್ಲೇನು?"

ಅವ್ವನ ಉದ್ದನೆಯ ಉಸಿರು. ಉಸಿರು ಕೂಡ ಕೇಳುತ್ತಿತ್ತು, ನೋಡಿ.

"ಹೋಗ್ಲಿ ಬಿಡು. ನೀನೇ ಹುಡುಗನ ಕೈಲೆ ಹೇಳಿ ಕಳಿಸ್ದೆಲ್ಲ."

"ನಾ ಎಲ್ಲಿ ಕಳಸೀನಿ? ನೀ ಕಳಸಿದ್ದಕ್ಕ ನಾ ಬಂದು ಕುಂತೀನಿ."

"ನಾನಾ? ನಾ ಯಾಕ ಕಳಸ್ಲಿ ನಿನಗ?"

ಹಂದರದ ಮುಖಗಳೆಲ್ಲ ಹೊಸ್ತಿಲ ಕಡೆ ತಿರುಗಿದವು. ನನ್ನ ಬೆರಳು ಟೋಪಿಗಿಂತ ಬಿಸಿಯಾಯಿತು. ಮುಗಿಯಿತು, ಇಬ್ಬರೂ ಈಗ ಏಳುತ್ತಾರೆ, ಅಕ್ಕ ಬರಿ ಮೈಯಲ್ಲಿ ಹಸೆಗೆ ಕೂಡುತ್ತಾಳೆ, ಎಲ್ಲಕ್ಕೂ ಎಸ್‌ಕೆ ನೂರೇ ಕಾರಣವಾಗುತ್ತದೆ ಎಂದು ಕಣ್ಣು ಮುಚ್ಚಿದೆ. ಗೊಬ್ಬೂರಿನ ಹಿರಿಯ ಬೀಗರೊಬ್ಬರು ತಡೆಯಲಾರದೆ ಗೊಳ್ಳೆಂದು ನಕ್ಕರು. ಹಂದರವೆಲ್ಲ ನಕ್ಕಿತು.

"ಯಾರ್ ನಗಾಕತ್ತಾರ ಬೇ ಹೊರಗ?" ಎಂದು ಗಡಿಗೆ ಕೇಳಿತು.

"ಯವ್ವಾ, ಇದು ಚಾಲೂ ಅದ ಕಾಣ್ತದ!" ಎಂದು ಗಡಿಗೆಯೇ ಉತ್ತರಿಸಿತು.

ಏಳುತ್ತಾರೆ ಎಂದು ಕಾದೆ. ಏಳಲಿಲ್ಲ. ಕೈಯಿಂದ ಬಾಯಿ ಮುಚ್ಚಿಕೊಂಡು ನಗುವ ಸದ್ದು ಬಂತು, ಯಾರದೆಂದು ಗೊತ್ತಾಗಲಿಲ್ಲ. ನಗು ಇಳಿದ ಮೇಲೆ ಅವ್ವ, "ಎಡಗೈಲೇ ಎಳಿ. ಸಾವಕಾಶ ಎಳಿ. ನಾ ನಿನ್ನ ಹಿಂದ ಬರ್ತೀನಿ" ಎಂದಳು. ಕಲ್ಲು ತಿರುಗಿತು, ಮೊದಲಿಗಿಂತ ನಿಧಾನವಾಗಿ. ಹಾಡು ಎಲ್ಲಿ ನಿಂತಿತ್ತೋ ಅಲ್ಲಿಂದ ಎದ್ದಿತು. ಸಂದು ಹುಡುಕಿದೆ, ಸಿಗಲಿಲ್ಲ. ಕಾಕಾ ಎದ್ದು ಹೊರಗೆ ಹೋಗಿ ಬಹಳ ಹೊತ್ತು ಎಲೆ ಉಗುಳುತ್ತ ನಿಂತಿದ್ದ.

ಅಕ್ಕ ಹಳದಿಯಾಗಿ ಮದುವೆಯಾದಳು. ಆಮೇಲೆ ಅವ್ವ, ಚಿಗವ್ವ ಇಬ್ಬರೂ ಜೋಳವನ್ನು ಗಿರಣಿಗೇ ಒಯ್ದರು, ಕೂಡಿಯೇ ಒಯ್ದರು. ಬೀಸುವ ಕೆಲಸ ಹೋಯಿತು. ಆದರೂ ನಸುಕಿನಲ್ಲಿ ಇಬ್ಬರೂ ಆ ಕಲ್ಲಿನ ಹತ್ತಿರ ಚಹಾ ಹಿಡಿದು ಕೂಡುತ್ತಿದ್ದರು. ಏನು ಮಾತಾಡುತ್ತಿದ್ದರು ಎಂದು ಕೇಳಿದರೆ, "ಏನಿಲ್ಲ, ಸುಮ್ನ" ಎನ್ನುತ್ತಿದ್ದರು. ಇದರಲ್ಲಿ ನಾನು ಎಲೆಕ್ಟ್ರಾನಿಕ್ಸ್ ತುರುಕಬಾರದು. ತುರುಕಿದರೆ ಎಲ್ಲಿದ್ದರೂ ಅವ್ವ, ಯಾರು ಕಳಸ್ಯಾರ ನಿನಗ ಎಂದು ಕೇಳುತ್ತಾಳೆ.

ಅವ್ವ ಈಗಿಲ್ಲ. ಚಿಗವ್ವ ಅಫಜಲಪುರದಲ್ಲಿ ಮಗನ ಮನೆಯಲ್ಲಿದ್ದಾಳೆ, ಮೊಮ್ಮಕ್ಕಳ ಗದ್ದಲದ ನಡುವೆ. ನಾನು ಅವಳಿಗೆ ಫೋನು ಮಾಡುವುದು ಯಾರಾದರೂ ತೀರಿಕೊಂಡರೆ, ಇಲ್ಲ ಯಾರದಾದರೂ ಮದುವೆಯಿದ್ದರೆ. ಜೋರು ಸುದ್ದಿಗಳಿಗೆ ನಮ್ಮ ನಡುವೆ ಏನೂ ಕೊರತೆಯಿಲ್ಲ.

ಅಂಗಡಿಯಿಂದ ಹೊರಬಂದವನು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು ಫೋನು ತೆಗೆದೆ. ಏನು ಹೇಳಬೇಕೆಂದು ಯೋಚಿಸಿದೆ. ಏನೂ ಇರಲಿಲ್ಲ. ಏನೂ ಇಲ್ಲದೆ ಫೋನು ಮಾಡಿದರೆ ಆ ಜೀವ ಗಾಬರಿಯಾದರೆ, ರಕ್ತದೊತ್ತಡ ಏರಿದರೆ ಎಂದು ಒಂದು ಬಸ್ಸು ಹೋಗುವ ತನಕ ಚಿಂತಿಸಿದೆ. ಆಮೇಲೆ ಒತ್ತಿದೆ.

"ಯಾರಿಗಿ ಏನಾತೋ ತಮ್ಮಾ?" ಎತ್ತಿದ ಕೂಡಲೇ ಚಿಗವ್ವನ ತಗ್ಗಿನ ದನಿ.

"ಯಾರಿಗೂ ಏನೂ ಆಗಿಲ್ಲ ಚಿಗವ್ವ."

"ಮತ್ತ ಯಾರು ಮಾಡು ಅಂದ್ರು?"

"ಯಾರೂ ಅಂದಿಲ್ಲ. ಸುಮ್ನ ಮಾಡೀನಿ."

ಈಗ ಫೋನು ಇಡುತ್ತಾಳೆ ಎಂದುಕೊಂಡೆ. ಇಡಲಿಲ್ಲ. ಹಿಂದೆ ಎಲ್ಲೋ ಮಿಕ್ಸರು ತಿರುಗುವ ಸದ್ದು, ಮಗುವೊಂದರ ಅಳು, ಅವಳ ಉಸಿರು. ನಾನೂ ಇಡಲಿಲ್ಲ. ಹೇಳಲು ಇಬ್ಬರಿಗೂ ಏನೂ ಇರಲಿಲ್ಲ. ಕಿವಿಯ ಹತ್ತಿರ ಫೋನು ಮೆಲ್ಲಗೆ ಬೆಚ್ಚಗಾಗತೊಡಗಿತ್ತು.